ಸವೆಯದ ಟೈರನ್ನು ನಂಬಿ ಕೆಟ್ಟೆ

ಹಳೆಯ ಕಾರು ಕೊಳ್ಳಲು ಹೊರಟವರು ಇದನ್ನು ಓದಿಕೊಂಡೇ ಹೋಗಿ. ಶಿರಸಿಯಲ್ಲಿ ನಾನು ಕೊಂಡ ಕಾರು ಓಡಿದ್ದು ಬರೀ 26 ಸಾವಿರ ಕಿಲೋಮೀಟರ್. “ಟೈರುಗಳೂ ಕಾರಿನ ಜೊತೆಗೇ ಬಂದವು, ಒಂದನ್ನೂ ಬದಲಿಸಿಲ್ಲ” ಎಂದು ಮಾರಿದವರು ಹೆಮ್ಮೆಯಿಂದ ಹೇಳಿದರು. ನಾನೂ ತಲೆಯಾಡಿಸಿದೆ. ಗೆರೆಗಳು ಆಳವಾಗಿದ್ದವು, ಪಾಲಿಶ್ ಬಳಿದು ಮಿರಮಿರ ಮಿನುಗುತ್ತಿದ್ದವು.

2025ರ ಮೇ ತಿಂಗಳಲ್ಲಿ ಅಮ್ಮನನ್ನು ಕೂರಿಸಿಕೊಂಡು ಕಾರವಾರಕ್ಕೆ ಹೊರಟೆ. ದೇವಿಮನೆ ಘಟ್ಟ ಇಳಿದದ್ದಾಯಿತು, ಕುಮಟಾದಲ್ಲಿ ಚಹಾ ಕುಡಿದದ್ದಾಯಿತು. ಹೆದ್ದಾರಿಯಲ್ಲಿ ಮಿರ್ಜಾನ್ ದಾಟಿ ಎಂಬತ್ತರ ವೇಗದಲ್ಲಿದ್ದಾಗ ಹಿಂದೆ ಎಡಗಡೆ ಟಪಟಪ ಸದ್ದು, ಅದರ ಬೆನ್ನಿಗೇ ಧಡ್ ಎಂದಿತು. ಕಾರು ಬಾಲ ಬೀಸಿತು. ಬ್ರೇಕಿನ ಮೇಲೆ ಹೋದ ಕಾಲು ಯಾಕೋ ಒತ್ತಲಿಲ್ಲ. ಸ್ಟೀರಿಂಗನ್ನು ಬಿಗಿಹಿಡಿದು ಆಕ್ಸಿಲರೇಟರ್ ಬಿಟ್ಟದ್ದೇ ನಮ್ಮನ್ನು ಉಳಿಸಿತು.

ಇಳಿದು ನೋಡಿದರೆ ಟೈರಿನ ಮೇಲ್ಪದರ ಅಡಿಕೆ ಹಾಳೆಯಂತೆ ಸುಲಿದು ಒಳಗಿನ ತಂತಿ ಕಾಣುತ್ತಿತ್ತು. ಸ್ಟೆಪ್ನಿಯಲ್ಲಾದರೂ ಗಾಳಿ ಇತ್ತೇ? ಹೆಬ್ಬೆರಳಿಗೆ ತಗ್ಗುತ್ತಿತ್ತು. ಯಾರೋ ಪುಣ್ಯಾತ್ಮರು ಬೈಕಿನಲ್ಲಿ ಪಂಕ್ಚರ್ ಅಂಗಡಿಯವನನ್ನು ಕರೆತರುವ ತನಕ ಆ ಬಿಸಿಲಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆತ ಒದ್ದೆ ಬಟ್ಟೆಯಿಂದ ಟೈರಿನ ಪಕ್ಕೆ ಒರೆಸಿ, “ಜಾತಕ ಇಲ್ಲೇ ಇದೆಯಲ್ಲ ಮಾರಾಯರೇ” ಎಂದು ನಾಲ್ಕು ಅಂಕಿ ತೋರಿಸಿದ: 1815. ಅಂದರೆ 2015ರ 18ನೇ ವಾರ ತಯಾರಾದದ್ದು. ಪಾಲಿಶ್ ಹೋದ ಜಾಗದಲ್ಲಿ ಬೇಸಿಗೆಯ ಗದ್ದೆಯಂತೆ ಬಿರುಕು, ಉಗುರು ಸಿಕ್ಕಿಕೊಳ್ಳುವಷ್ಟು. ಕಾನೂನಿಗೆ ಬೇಕಾದ ಗೆರೆಯ ಆಳ 1.6 ಮಿಲಿಮೀಟರ್, ನನ್ನ ಟೈರಿನಲ್ಲಿ ಅದರ ಮೂರು ಪಟ್ಟಿತ್ತು. ಆದರೆ ಕಾರು ಶೆಡ್ಡಿನಲ್ಲಿ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗಡುಸಾಗಿ ಸೀಳುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು, ಹತ್ತಾದರೆ ಗೆರೆ ಎಷ್ಟೇ ಇರಲಿ, ತೆಗೆದುಹಾಕಬೇಕು. ಈ ಅಂಕಿ ಹೊರಬದಿಯಲ್ಲಿ ಸಿಗದಿದ್ದರೆ ಬಗ್ಗಿ ಒಳಬದಿಯಲ್ಲಿ ಹುಡುಕಿ.

ಉಳಿದ ಟೈರುಗಳಲ್ಲಿ ಗಾಳಿ 24 ಪಿಎಸ್‌ಐ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 33 ಎಂದಿದೆ. ಗಾಳಿ ಕಡಿಮೆಯಾದಷ್ಟೂ ಟೈರು ಬಾಗಿ ಬಾಗಿ ಕಾಯುತ್ತದೆ. ಆ ಚೀಟಿಯನ್ನು ಅಂದಿನವರೆಗೆ ನಾನು ಓದಿರಲೇ ಇಲ್ಲ.

ಸ್ಟೆಪ್ನಿ ಸೇರಿ ಐದನ್ನೂ ಬದಲಿಸಲು ಟೈರ್ ಅಂಗಡಿಗೆ ಹೋದೆ. ಮೊದಲು ತಂದಿಟ್ಟ ‘ಹೊಸ’ ಟೈರಿನ ಅಂಕಿ ನೋಡಿದರೆ ಅದಕ್ಕಾಗಲೇ ಮೂರು ವರ್ಷ. ಬೇರೆ ತನ್ನಿ ಎಂದೆ. ಗೊಣಗುತ್ತ ಒಳಗೆ ಹೋದ ಅಂಗಡಿಯವರು ಅದೇ ಬೆಲೆಗೆ ಎರಡು ತಿಂಗಳ ಹಿಂದಿನದನ್ನು ತಂದರು.