ಹಳೇ ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್: ಯಾವ ಬೂಸ್ಟರ್ ಹಾಕಿಸೋದು?

ಡ್ರಮ್ ತೆಗೆದು ಮುಂದೆ ಡಿಸ್ಕ್ ಹಾಕಿಸಿದ್ರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಆಗುತ್ತದೆ. ಡ್ರಮ್‌ನಲ್ಲಿ ಚಕ್ರ ತಿರುಗುವಾಗ ಲೈನರ್ ತಾನೇ ಡ್ರಮ್‌ಗೆ ಒತ್ತಿ ಬಿಗಿಯಾಗುತ್ತದೆ, ಡಿಸ್ಕ್‌ನಲ್ಲಿ ಆ ಸಹಾಯ ಇಲ್ಲ. ಅದಕ್ಕೇ ಬೂಸ್ಟರ್ ಬೇಕು, ಅಂದ್ರೆ ಇಂಜಿನ್ನಿನ ವ್ಯಾಕ್ಯೂಮ್ (ಗಾಳಿಯ ಎಳೆತ) ಬಳಸಿ ಕಾಲಿನ ಬಲ ಹೆಚ್ಚಿಸುವ ದುಂಡು ಡಬ್ಬಿ.

ಏಳು ಇಂಚು ಅಗಲದ್ದು ಚಿಕ್ಕ ಜಾಗಕ್ಕೆ ಸರಿ, ಆದರೆ ಬಲ ಕಡಿಮೆ. ಒಂಬತ್ತು ಇಂಚಿನದಕ್ಕೆ ಎರಡೇ ಇಂಚು ಜಾಸ್ತಿ ಅನ್ನಿಸಿದ್ರೂ ಒಳಗಿನ ಡಯಾಫ್ರಂ (ವ್ಯಾಕ್ಯೂಮ್ ಎಳೆಯುವ ರಬ್ಬರ್ ಪರದೆ) ಏರಿಯಾ ಒಂದೂವರೆ ಪಟ್ಟು ದಾಟುತ್ತದೆ, ಬಾನೆಟ್ ಕೆಳಗೆ ಹಿಡಿಸಿದ್ರೆ ನನ್ನ ಓಟು ಅದಕ್ಕೇ. ಹಿಡಿಸಲ್ವಾ? ಎಂಟು ಇಂಚಿನ ಡಬಲ್ ಡಯಾಫ್ರಂ ನೋಡಿ. ಅಗಲ ಕಡಿಮೆ, ಉದ್ದ ಜಾಸ್ತಿ, ಬಲ ಹೆಚ್ಚುಕಮ್ಮಿ ಹನ್ನೊಂದು ಇಂಚಿನ ಸಿಂಗಲ್‌ನಷ್ಟು. ಪೆಡಲ್ ಹತ್ತಿರ ಜಾಗವೇ ಇಲ್ಲ ಅಂದ್ರೆ ರಿಮೋಟ್ ಬೂಸ್ಟರ್. ಬ್ರೇಕ್ ಪೈಪ್ ಲೈನಿನ ಮಧ್ಯೆ ಕೂರುತ್ತದೆ, ಆದರೆ ಬ್ರೇಕ್ ಆಯಿಲ್‌ನೊಳಗಿನ ಗಾಳಿ ತೆಗೆಯೋದು ಸ್ವಲ್ಪ ತಲೆನೋವು.

ಸೈಜಿಗಿಂತ ಮೊದಲು ವ್ಯಾಕ್ಯೂಮ್ ಅಳೆಸಿ. ಪೆಟ್ರೋಲ್ ಇಂಜಿನ್ ಐಡಲ್‌ನಲ್ಲಿ ಸುಮಾರು 18 ಇಂಚು ಪಾದರಸ ಕೊಟ್ಟರೆ ಚಿಂತೆ ಇಲ್ಲ. ಡೀಸೆಲ್ ಇಂಜಿನ್ ಕೂರಿಸಿದ್ದರೆ ಮ್ಯಾನಿಫೋಲ್ಡ್‌ನಲ್ಲಿ (ಇಂಜಿನ್ನಿಗೆ ಗಾಳಿ ಹೋಗುವ ಪೈಪು) ಸಾಕಷ್ಟು ವ್ಯಾಕ್ಯೂಮೇ ಸಿಗಲ್ಲ, ಬೇರೆ ವ್ಯಾಕ್ಯೂಮ್ ಪಂಪ್ ಬೇಕು, ಉದಾಹರಣೆಗೆ ಹಿಂದೆ ಪಂಪ್ ಇರುವ ಆಲ್ಟರ್ನೇಟರ್ ಹಾಕಿಸಬಹುದು. ದಾವಣಗೆರೆಯಲ್ಲಿ ನನಗೊಬ್ಬರು ಇದನ್ನ ಕೇಳದೇ ಬೂಸ್ಟರ್ ಹಾಕಿಕೊಟ್ಟಿದ್ದರು, ಸುಮ್ನೆ ಡಬ್ಬಿ ಹೊತ್ಕೊಂಡು ತಿರುಗಿದ ಹಾಗಾಯ್ತು!

ಹಾಕಿಸಿದ ಮೇಲೆ ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡ್ತಿದೆ. ಇಳಿಯದಿದ್ದರೆ ಚಿತ್ರದುರ್ಗದ ಹೈವೇಗೆ ಹೋಗಬೇಡಿ, ಮೊದಲು ವ್ಯಾಕ್ಯೂಮ್ ಹೋಸ್ ಮತ್ತು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ನೋಡಿಸಿ.