ಇನ್‌ಹೇಲರ್ ಪಂಪ್‌ನಿಂದ ಉಸಿರಲ್ಲಿ ಎಳೆಯುವ ಪುಡಿಗೆ ಬದಲಾಗುವವರಿಗೆ: ರಿವೊಲೈಜರ್ ಹೇಗಿದೆ?
ಸೌಮ್ಯ ಎಂಫಿಸೀಮಾಗೆ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ವೈದ್ಯರು ದಿನಕ್ಕೊಂದು 18 ಮೈಕ್ರೋಗ್ರಾಂ ಟಿಯೋಟ್ರೋಪಿಯಂ (ಶ್ವಾಸನಾಳ ಹಿಗ್ಗಿಸುವ ಔಷಧ) ಪುಡಿಯ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರೆ, ಆ ಪುಡಿಯನ್ನು ಉಸಿರಲ್ಲಿ ಎಳೆಯುವ ಸಾಧನವಾದ ಸಿಪ್ಲಾದ ರಿವೊಲೈಜರ್ ಒಳ್ಳೆಯ ಆಯ್ಕೆ. ಇಂಥದ್ದೇ ಇನ್ನೊಂದು ಸಾಧನವಾದ ರೋಟಾಹೇಲರ್‌ನಂತೆ ಬುಡ ತಿರುಗಿಸುವ ಕೆಲಸವಿಲ್ಲ. ಸಾಧನದ ಬಾಯಿಗಿಡುವ ತುದಿ ಎತ್ತಿ, ಕ್ಯಾಪ್ಸೂಲ್ ಇಟ್ಟು, ಕ್ಲಿಕ್ ಎನ್ನುವಂತೆ ಮುಚ್ಚಿದರೆ ಅದು ತಾನಾಗಿ ತೂತಾಗುತ್ತದೆ. ಕೈ ನಡುಗುವ ಹಿರಿಯರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ.

ಎಡವಟ್ಟಾಗುವುದು ಉಸಿರೆಳೆಯುವಲ್ಲಿ. ಪಂಪ್‌ಗೆ ನಿಧಾನವಾಗಿ ಎಳೆಯಬೇಕು. ಇಲ್ಲಿ ಹಾಗೆ ಮಾಡಿದರೆ ಪುಡಿ ಸರಿಯಾಗಿ ಮೇಲೇಳುವುದಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ ಪೂರ್ತಿ ಉಸಿರು ಬಿಡಿ. ಸಾಧನದೊಳಗೆ ಊದಿದರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ತುಟಿ ಬಿಗಿಹಿಡಿದು ಜೋರಾಗಿ, ಆಳವಾಗಿ ಎಳೆದು 10 ಸೆಕೆಂಡ್ ಉಸಿರು ಹಿಡಿಯಿರಿ. ತೆರೆದು ನೋಡಿ, ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿರಿ. ಮಲೆನಾಡಿನ ಮಳೆಗಾಲದಲ್ಲಂತೂ ಕ್ಯಾಪ್ಸೂಲನ್ನು ಬಳಸುವ ಗಳಿಗೆಯಲ್ಲೇ, ಒಣಗಿದ ಕೈಯಿಂದ ಪ್ಯಾಕ್‌ನಿಂದ ಹೊರತೆಗೆಯಿರಿ. ತೊಳೆದ ಸಾಧನ ಪೂರ್ತಿ ಒಣಗದೆ ಬಳಸಬೇಡಿ.

ಬಾಯಿ ಒಣಗುವುದು ಸಾಮಾನ್ಯ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಈಗಾಗಲೇ ಇಪ್ರಾಟ್ರೋಪಿಯಂ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಎರಡೂ ಒಂದೇ ಗುಂಪಿನ ಔಷಧಗಳು. ದಿಢೀರ್ ಉಸಿರುಕಟ್ಟಿದಾಗ ಟಿಯೋಟ್ರೋಪಿಯಂ ಕೈಹಿಡಿಯದು, ವೈದ್ಯರು ಕೊಟ್ಟ ಸಾಲ್ಬುಟಮಾಲ್ (ಬೇಗ ಉಸಿರು ಸಡಿಲಿಸುವ ಔಷಧ) ಪಂಪ್ ಜೇಬಿನಲ್ಲೇ ಇರಲಿ.