ಸೂಪರ್ ಮಾರ್ಕೆಟ್ ಗಲ್ಲಿಯ ಕ್ಯಾಸೆಟ್ ಚಾಚಾ: 14 ಕ್ಯಾಸೆಟ್ ಕೊಟ್ಟೆ, 17 ದಿನ ಕಾದೆ

ಮೊದಲು ರೇಟು ಹೇಳಿಬಿಡ್ತೀನಿ, ಎಲ್ಲರೂ ಅದನ್ನೇ ಕೇಳುತ್ತಾರೆ. 60 ನಿಮಿಷದ ಕ್ಯಾಸೆಟ್ಟನ್ನು ಪೆನ್ ಡ್ರೈವ್‌ಗೆ ಹಾಕಿಕೊಡಲು 150 ರೂಪಾಯಿ. 90 ನಿಮಿಷದ್ದಕ್ಕೆ 200. ಒಳಗೆ ಟೇಪ್ ಹರಿದಿದ್ದರೆ ಜೋಡಿಸೋಕೆ 50 ಬೇರೆ. ಪೆನ್ ಡ್ರೈವ್ ನಾವೇ ಒಯ್ಯಬೇಕು. ನನ್ನದು 60ರವು ಎಂಟು, 90ರವು ಆರು, ಹರಿದಿದ್ದು ಮೂರು. 2,550 ಆಯಿತು. ಚಾಚಾ 2,500 ತಗೊಂಡರು.

ಕಲಬುರಗಿ ಸೂಪರ್ ಮಾರ್ಕೆಟ್‌ನ ಗಲ್ಲಿಯೊಂದರಲ್ಲಿ, ಬಳೆ ಅಂಗಡಿಗೂ ಮೊಬೈಲ್ ಕವರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಅಂಗಡಿ ಇದು. ಅಗಲ ಎಷ್ಟು ಅಂದ್ರೆ ಇಬ್ಬರು ಗಿರಾಕಿ ಬಂದರೆ ಒಬ್ಬರು ಹೊರಗೆ ನಿಲ್ಲಬೇಕು. ಹೆಸರು ಬರೆಯಲ್ಲ. ಬರೀತೀನಿ ಅಂದಿದ್ದಕ್ಕೆ ಚಾಚಾ ಕೈ ಮುಗಿದರು. "ಬ್ಯಾಡ್ರಿ ಅಕ್ಕಾರ, ಇದ್ದ ಕೆಲಸನೇ ಮುಗಿಯವಲ್ದು. ಮಂದಿ ಬಂದು ಯಾವಾಗ ಆಗ್ತದ, ಯಾವಾಗ ಆಗ್ತದ ಅಂತ ತಲಿ ತಿಂತಾರ." ಆ ತಲೆ ತಿಂದ ಮಂದಿಯಲ್ಲಿ ನಾನೂ ಒಬ್ಬಳು. ನಾಲ್ಕು ದಿನ ಅಂದವರು ಹದಿನೇಳು ದಿನ ತಗೊಂಡರು.

ಕ್ಯಾಸೆಟ್‌ಗಳು ನನ್ನವಲ್ಲ, ಅಣ್ಣನವು. 1990ರ ಸುಮಾರಿಗೆ ಅಣ್ಣ ಇಲ್ಲೇ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲ್‌ನಲ್ಲಿ ಹೊರಗಿನ ಹುಡುಗರು ಜಾಸ್ತಿ. ಕೊಚ್ಚಿಯವನೊಬ್ಬ, ಬಾಂಬೆಯವನೊಬ್ಬ. ರಜೆ ಮುಗಿಸಿ ಬಾಂಬೆಯವನು ಉದ್ಯಾನ್ ಎಕ್ಸ್‌ಪ್ರೆಸ್ ಇಳಿದರೆ ಅವನ ಚೀಲದಲ್ಲಿ ಕ್ಯಾಸೆಟ್ ಇರುತ್ತಿದ್ದವು. ಅವನ್ನು ನಮ್ಮ ಮನೆಯ ಡಬಲ್ ಡೆಕ್ ಟೇಪ್ ರೆಕಾರ್ಡರ್‌ನಲ್ಲಿ ಕಾಪಿ ಮಾಡೋದು ಅಣ್ಣನ ಕೆಲಸ. ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹಿಂದಿ ಹಾಡು, ಖವ್ವಾಲಿ, ರಾಜ್‌ಕುಮಾರ್. ನಮ್ಮ ಮನೆಯಲ್ಲಿ ಮಾತ್ರ ಯಾರೋ ಚೀರುತ್ತಿದ್ದರು. ಅವ್ವ ಅದಕ್ಕೆ "ಹಲ್ಲು ನೋವಿನ ಹಾಡು" ಅಂತ ಹೆಸರಿಟ್ಟಿದ್ದಳು.

ಅಣ್ಣ ಈಗ ಪುಣೆಯಲ್ಲಿದ್ದಾನೆ. ಈ ಯುಗಾದಿಗೆ ಅಟ್ಟ ಸ್ವಚ್ಛ ಮಾಡುವಾಗ ಬಿಸ್ಕೆಟ್ ಡಬ್ಬಿ ಸಿಕ್ಕಿತು. ಫೋನ್ ಮಾಡಿದರೆ, "ಒಗದ್ಬಿಡು, ಎಲ್ಲಾ ಫೋನ್‌ನ್ಯಾಗ ಸಿಗ್ತಾವ" ಅಂದ. ಹುಡುಕಿದೆ. ಎಲ್ಲಾ ಸಿಗಲಿಲ್ಲ. ಅದಕ್ಕೇ ಚಾಚಾನ ಹತ್ತಿರ ಹೋಗಿದ್ದು.

ಆ ಡಬ್ಬಿ ಮೂವತ್ತು ಚಿಲ್ಲರೆ ಬೇಸಿಗೆ ಅಟ್ಟದಲ್ಲಿ ಕಳೆದಿದೆ. ನಮ್ಮ ಕಡೆ ಮೇ ತಿಂಗಳ ಬಿಸಿಲು 42 ದಾಟುತ್ತದೆ, ಮೇಲೆ ತಗಡಿನ ಶೀಟು. ಟೇಪೇ ಕರಗಿರಬೇಕು ಅಂದುಕೊಂಡಿದ್ದೆ. ಚಾಚಾ ಮೊದಲ ಕ್ಯಾಸೆಟ್ ತಗೊಂಡು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು, ತೆಂಗಿನಕಾಯಿ ನೋಡುವ ಹಾಗೆ. "ಟೇಪ್ ಚೊಲೋ ಅದ. ಗಾದಿ ಬಿದ್ದದ" ಅಂದರು.

ಗಾದಿ ಅಂದರೆ ಏನು ಅಂತ ತೋರಿಸಿದರು. ಐದು ಪುಟ್ಟ ಸ್ಕ್ರೂ ಬಿಚ್ಚಿ, ಮೇಲಿನ ಹೋಳನ್ನು ಮೆತ್ತಗೆ ಎತ್ತಿದರು. ಕ್ಯಾಸೆಟ್‌ನ ಬಾಯಿಯಲ್ಲಿ ನಡುಮಧ್ಯೆ ಒಂದು ತೆಳ್ಳನೆ ತಾಮ್ರದ ಬಣ್ಣದ ಪಟ್ಟಿ ಇರುತ್ತದೆ, ಅದರ ಮೇಲೆ ಉಗುರಿಗಿಂತ ಸಣ್ಣ ಉಣ್ಣೆಯ ತುಂಡು. ಟೇಪನ್ನು ಡೆಕ್‌ನ ಹೆಡ್‌ಗೆ, ಅಂದರೆ ಟೇಪಿನಿಂದ ಶಬ್ದ ಓದುವ ತುಣುಕಿಗೆ, ಒತ್ತಿ ಹಿಡಿಯೋದು ಅದೇ. ಬಿಸಿಲಿಗೆ ಗೋಂದು ಒಣಗಿ ಅದು ಉದುರಿಬಿಟ್ಟಿತ್ತು. ಅದಿಲ್ಲದಿದ್ದರೆ ಹಾಡು ಪಕ್ಕದ ಮನೆಯಿಂದ ಬಂದ ಹಾಗೆ ಕೇಳುತ್ತದಂತೆ. ಚಾಚಾ ಹಾಳಾದ ಹಳೇ ಕ್ಯಾಸೆಟ್ ಒಂದರಿಂದ ಇಕ್ಕಳದಲ್ಲಿ ಗಾದಿ ಕಿತ್ತು ಇದಕ್ಕೆ ಅಂಟಿಸಿದರು. ಹೆಡ್ಡನ್ನು ಇಯರ್ ಬಡ್‌ನಿಂದ ಒರೆಸಿದರು, ಹತ್ತಿ ಚಹಾ ಬಣ್ಣಕ್ಕೆ ತಿರುಗಿತು. ನಾನು ಮೆಡಿಕಲ್ ಶಾಪ್ ನಡೆಸೋಳು, ಸ್ಪಿರಿಟ್ ತಂದುಕೊಡಲಾ ಅಂತ ಕೇಳಿದೆ. "ನಿಮ್ಮ ಸರ್ಜಿಕಲ್ ಸ್ಪಿರಿಟ್ ಬ್ಯಾಡ್ರಿ, ಅದರಾಗ ಏನೇನೋ ಕಲಸಿರ್ತಾರ. ಐಪಿಎ ಬೇಕು, ಸಾದಾದ್ದು." ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಸರಿಯಾಗೇ ಹೇಳಿದರು. ಆಮೇಲೆ ಒಂದು ಡಬ್ಬಿ ಇಯರ್ ಬಡ್ ತಂದುಕೊಟ್ಟೆ, ಅದನ್ನು ಬೇಡ ಅನ್ನಲಿಲ್ಲ.

ಡೆಕ್‌ನ ಸ್ಪೀಡ್ ನೋಡೋಕೆ ಅವರ ಹತ್ತಿರ ಒಂದು ಟೆಸ್ಟ್ ಕ್ಯಾಸೆಟ್ ಇದೆ. ಅದರಲ್ಲಿ 3,000 ಹರ್ಟ್ಸ್‌ನ ಒಂದೇ ಶಬ್ದ, ಕೀ ಅಂತ. ದಿನಾ ಬೆಳಿಗ್ಗೆ ಅದನ್ನು ಹಾಕುತ್ತಾರೆ. ಬಳೆ ಅಂಗಡಿಯವರಿಗೆ ಆ ಶಬ್ದ ಕೇಳಿದರೆ ಹತ್ತೂವರೆ ಆಯಿತು ಅಂತ ಗೊತ್ತಾಗುತ್ತದಂತೆ.

ಈಗ ಕ್ಯಾಸೆಟ್‌ಗಳ ವಿಷಯ. ಚೆನ್ನಾಗಿ ಬಂದಿದ್ದು ರಾಕ್ ಮಷೀನ್. ಬಾಂಬೆಯ ಬ್ಯಾಂಡು. ಬೇರೆಯವರ ಹಾಡು ಬಿಟ್ಟು ತಮ್ಮದೇ ಇಂಗ್ಲಿಷ್ ಹಾಡು ಬರೆದು, 1988ರಲ್ಲಿ 'ರಾಕ್ ಅಂಡ್ ರೋಲ್ ರೆನೆಗೇಡ್' ಅಂತ ಆಲ್ಬಮ್ ತಂದವರು. 1990ರಲ್ಲಿ ಎರಡನೇದು, 'ದ ಸೆಕೆಂಡ್ ಕಮಿಂಗ್'. 1993ರಲ್ಲಿ ಹೆಸರು ಬದಲಿಸಿ ಇಂಡಸ್ ಕ್ರೀಡ್ ಆದರು. 'ಪ್ರೆಟಿ ಚೈಲ್ಡ್' ಹಾಡಿನ ವಿಡಿಯೋಗೆ 1995ರಲ್ಲಿ ಎಂಟಿವಿ ಪ್ರಶಸ್ತಿಯೂ ಬಂತು. ಈಗ ನಮ್ಮ ಅಂಗಡಿಗೆ ಬರುವ ಕಾಲೇಜು ಹುಡುಗರನ್ನು ಕೇಳಿ ನೋಡಿದೆ, ಏಳು ಜನರಲ್ಲಿ ಒಬ್ಬನಿಗೂ ಗೊತ್ತಿಲ್ಲ. ನನಗೆ ಎರಡನೇ ಆಲ್ಬಮ್ಮೇ ಇಷ್ಟ. ಮೊದಲನೇದರಲ್ಲಿ ಬೇರೆ ಯಾರದೋ ಬಟ್ಟೆ ಹಾಕಿಕೊಂಡ ಹಾಗಿದ್ದಾರೆ.

ಕೊಚ್ಚಿಯವನು ಕೊಟ್ಟಿದ್ದು 13ಎಡಿ. ಇದು ಕಾಪಿಯಲ್ಲ, ಒರಿಜಿನಲ್, 1990ರ 'ಗ್ರೌಂಡ್ ಝೀರೋ'. ಈ ಬ್ಯಾಂಡ್ ಕೊಚ್ಚಿಯ ಸೀಲಾರ್ಡ್ ಹೋಟೆಲ್‌ನಲ್ಲಿ ಊಟಕ್ಕೆ ಬಂದವರಿಗೆ ಹಾಡುತ್ತಾ ಬೆಳೆದದ್ದು. ಊಟ ಮಾಡೋರ ಮುಂದೆ ಗಿಟಾರ್ ಬಾರಿಸಿ ಬಾರಿಸಿ ಕೈ ಪಳಗಿದೆ, ಅದು ಕೇಳಿದರೆ ಗೊತ್ತಾಗುತ್ತೆ. ಎಲ್ಲೂ ತಡವರಿಕೆ ಇಲ್ಲ. ನನ್ನ ಹದಿನಾಲ್ಕರಲ್ಲಿ ಯಾವುದಾದರೂ ಒಂದನ್ನೇ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ತೀನಿ.

ಈ ಕ್ಯಾಸೆಟ್ ಓಡುತ್ತಿದ್ದಾಗಲೇ ಚಾಚಾ ಬಾಯಿ ಬಿಟ್ಟಿದ್ದು. ಅಲ್ಲಿಯವರೆಗೆ ಅವರಿಗೆ ಈ ಹಾಡುಗಳೆಲ್ಲಾ ಬರೀ ಮೀಟರಿನ ಮುಳ್ಳು ಅಂದುಕೊಂಡಿದ್ದೆ. ಎಪ್ಪತ್ತರ ದಶಕದಲ್ಲಿ ಅವರು ಬಾಂಬೆಯ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಆಂಪ್ಲಿಫೈಯರ್ ರಿಪೇರಿ ಕಲಿಯುತ್ತಿದ್ದರಂತೆ. ಉದ್ದ ಕೂದಲಿನ ಹುಡುಗರು ಟ್ಯಾಕ್ಸಿ ಮೇಲೆ ಡಬ್ಬ ಹೇರಿಕೊಂಡು ಬರೋರು. ಹೊರದೇಶದ ಆಂಪ್ ತರಿಸೋಕೆ ಆಗ ಯಾರ ಹತ್ತಿರ ದುಡ್ಡು? ಎಲ್ಲಾ ಇಲ್ಲೇ ಕಟ್ಟಿದವು. ಪ್ಲೈವುಡ್ ಪೆಟ್ಟಿಗೆ, ರೇಡಿಯೋದ ವಾಲ್ವು.

"ಯಾವ ಬ್ಯಾಂಡ್ ಚಾಚಾ?"

"ಹೆಸರು ನೆನಪಿಲ್ರಿ. ಆಂಪ್ ನೆನಪದ. ಹಸಿರು ಬಣ್ಣದ್ದು. ಪ್ರತಿ ಸೋಮವಾರ ಟ್ರಾನ್ಸ್‌ಫಾರ್ಮರ್ ಸುಟ್ಕೊಂಡು ಬರ್ತಿತ್ತು. ಎಷ್ಟು ಸಲ ಹೇಳ್ದೆ, ಅಷ್ಟು ಜೋರು ಇಡಬ್ಯಾಡ್ರೋ ಅಂತ."

ಆ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಕೌಂಟರ್‌ನಲ್ಲಿ ಕೂತು ಫೋನ್‌ನಲ್ಲಿ ಹುಡುಕಿದೆ, ಆ ಹಸಿರು ಆಂಪ್ ಯಾರದಿರಬಹುದು ಅಂತ. ಅದೇನೂ ಸಿಗಲಿಲ್ಲ. ಆದರೆ ಬೇರೆ ಒಂದು ಸಂತೆಯೇ ಸಿಕ್ಕಿತು. ಸಿಗರೇಟ್ ಕಂಪನಿಯೊಂದು ಸಿಮ್ಲಾ ಬೀಟ್ ಅಂತ ದೇಶಕ್ಕೆಲ್ಲ ಬ್ಯಾಂಡ್ ಸ್ಪರ್ಧೆ ಇಡುತ್ತಿತ್ತು. 1970 ಮತ್ತು 1971ರ ಸ್ಪರ್ಧೆಯ ಹಾಡುಗಳು ಎರಡು ಎಲ್‌ಪಿಯಾಗಿ ಬಂದವು. ಕನ್‌ಫ್ಯೂಷನ್ಸ್, ಡೈನೋಸಾರ್ಸ್, ವೆಲ್ವೆಟ್ ಫಾಗ್, ಶಿಲ್ಲಾಂಗಿನ ಫೆಂಟೋನ್ಸ್. ಎಷ್ಟೋ ಬ್ಯಾಂಡ್‌ಗಳಿಂದ ಉಳಿದಿದ್ದೇ ಆ ಒಂದೋ ಎರಡೋ ಹಾಡು. ಬಾಂಬೆಯ ಅಟಾಮಿಕ್ ಫಾರೆಸ್ಟ್ ಅನ್ನೋ ಬ್ಯಾಂಡಿನದು ಇನ್ನೂ ತಮಾಷೆ. ಅವರ ಆಲ್ಬಮ್ಮಿನ ಹೆಸರು 'ಅಬ್ಸೆಷನ್ 77'. ಅಂಗಡಿಗೆ ಬಂದಿದ್ದು 1981ರಲ್ಲಿ, ಅಷ್ಟರಲ್ಲಿ ಬ್ಯಾಂಡು ಚದುರಿಹೋಗಿತ್ತು. 2011ರಲ್ಲಿ ಅಮೆರಿಕದ ಕಂಪನಿಯೊಂದು ಅದನ್ನು ಮತ್ತೆ ತಂದಿತು. ನಮ್ಮ ಬೆಂಗಳೂರಿನಲ್ಲಿ ನುಡಿಸುತ್ತಿದ್ದ ಹ್ಯೂಮನ್ ಬಾಂಡೇಜ್‌ನ ಡ್ರಮ್ಮರ್ ರಮೇಶ್ ಶೋಥಮ್ ಆಮೇಲೆ ತವಿಲ್, ಅಂದರೆ ನಾದಸ್ವರದ ಜೊತೆ ಬಾರಿಸೋ ಡೋಲು, ಕಲಿತು ಜರ್ಮನಿಗೆ ಹೋದರು. ರಾಕ್ ಡ್ರಮ್ಮರ್ ಕೈಯಲ್ಲಿ ತವಿಲ್! ಇದನ್ನು ಓದಿ ಒಬ್ಬಳೇ ನಕ್ಕೆ. ಬಿಪಿ ಮಾತ್ರೆ ತಗೊಳ್ಳೋಕೆ ಬಂದಿದ್ದ ಅಜ್ಜ "ಏನಾಯ್ತವ್ವಾ" ಅಂದರು.

ಮರುದಿನ ಆ ಹಾಡು ಕೆಲವನ್ನು ಚಾಚಾಗೆ ಫೋನ್‌ನಲ್ಲಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಹಾಡಿನ ಬಗ್ಗೆ ಏನೂ ಅನ್ನಲಿಲ್ಲ. "ಸ್ಪೀಕರ್ ಹರಿದದ ನೋಡ್ರಿ" ಅಂದರು. ನನಗೆ ಅದು ಗಿಟಾರ್ ಅನ್ನಿಸಿತ್ತು. "ಗಿಟಾರ್ ಬಾರಿಸೋರು ಬೇಕಂತಲೇ ಹಾಗೆ ಮಾಡುತ್ತಿದ್ದರು, ಚಾಚಾ" ಅಂದರೆ ಒಪ್ಪಲೇ ಇಲ್ಲ.

ಇನ್ನು ದೂರು. ಮೊದಲ ಕಂತಿನಲ್ಲಿ ಕೊಟ್ಟ ಐದು ಕ್ಯಾಸೆಟ್ಟಿನ ಫೈಲ್ ಮನೆಯಲ್ಲಿ ಕೇಳಿದರೆ ಏನೋ ಸರಿಯಿಲ್ಲ. ಡ್ರಮ್ಸ್‌ನ ತಾಳದ ಶಬ್ದ ನೀರೊಳಗೆ ಮುಳುಗಿದ ಹಾಗೆ, ಗುಳುಗುಳು. ಕಂಪ್ಯೂಟರ್‌ನಲ್ಲಿ ಟೇಪಿನ ಸುಯ್ ಶಬ್ದ ತೆಗೆಯೋ ಆಯ್ಕೆಯನ್ನು ಚಾಚಾ ಪೂರ್ತಿ ಏರಿಸಿದ್ದರು. ಪ್ರವಚನ, ಮುಶಾಯಿರಾದ ಕ್ಯಾಸೆಟ್‌ಗೆ ಅದು ಸರಿ, ಬರೀ ಮಾತು ಇರುತ್ತದೆ. ರಾಕ್‌ನಲ್ಲಿ ಸುಯ್ ತೆಗೆಯೋಕೆ ಹೋದರೆ ಅದರ ಜೊತೆ ತಾಳವೂ ಹೋಗುತ್ತದೆ. ಜೊತೆಗೆ ಎಲ್ಲಾ 128 ಕೆಬಿಪಿಎಸ್‌ನ ಎಂಪಿ3, ಅಂದರೆ ಗಾತ್ರ ಕುಗ್ಗಿಸೋಕೆ ಶಬ್ದದ ಸೂಕ್ಷ್ಮ ಬಿಟ್ಟುಬಿಡೋ ಫೈಲ್. ಕೇಳದೇ ಹಾಗೆ ಮಾಡಿದ್ದು ತಪ್ಪು, ಅಲ್ವಾ? ಹೇಳಿದೆ. ಮುಖ ಸಣ್ಣ ಮಾಡಿಕೊಂಡರು, ವಾದ ಮಾಡಲಿಲ್ಲ. ಐದನ್ನೂ ಮತ್ತೆ ಮೊದಲಿಂದ ಓಡಿಸಿ, ಏನೂ ಕುಗ್ಗಿಸದ ವೇವ್ ಫೈಲ್ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ನೀವು ಹೋದರೆ ಮೊದಲೇ ಹೇಳಿ: ಶಬ್ದ ಸ್ವಚ್ಛ ಮಾಡಬೇಡಿ, ವೇವ್ ಬೇಕು ಅಂತ. ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, 32 ಜಿಬಿ ಪೆನ್ ಡ್ರೈವ್ ಒಯ್ದರೆ ಸಾಕು.

ತಡ ಆಗೋದಕ್ಕೂ ಕಾರಣ ಇದೆ. ಕ್ಯಾಸೆಟ್ಟನ್ನು ಫೋಟೋ ಹಾಗೆ ಕಾಪಿ ಮಾಡೋಕೆ ಆಗಲ್ಲ. 60 ನಿಮಿಷದ್ದು 60 ನಿಮಿಷವೇ ಓಡಬೇಕು. ನನ್ನವು ಹದಿನಾಲ್ಕು ಸೇರಿದರೆ 17 ಗಂಟೆ. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಮೇ ತಿಂಗಳಲ್ಲಿ ಕರೆಂಟ್ ಕಥೆ ನಿಮಗೇ ಗೊತ್ತು. ಆದರೂ ನಾಲ್ಕು ದಿನ ಅಂತ ಯಾಕೆ ಹೇಳಬೇಕು? ಅದಕ್ಕೇ ಐದರಲ್ಲಿ ಒಂದು ಸ್ಟಾರ್ ಕತ್ತರಿಸಿದ್ದೇನೆ.

ರಾಕ್ ಮಷೀನ್ ಕಾಪಿ ಮಾಡಿದ ಕ್ಯಾಸೆಟ್‌ನ ಬಿ ಸೈಡ್‌ನಲ್ಲಿ ಒಂದು ಘಟನೆ ಆಗಿದೆ. ಅಣ್ಣ ಮೇಲಿನ ಪ್ಲಾಸ್ಟಿಕ್ ಚೂರು ಮುರಿದಿರಲಿಲ್ಲ. ಮುರಿದಿದ್ದರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುತ್ತಿರಲಿಲ್ಲ. ಮೂರನೇ ಹಾಡು, ಗಿಟಾರ್ ಇನ್ನೇನು ಏರಬೇಕು, ಟಕ್ ಅಂತ ಶಬ್ದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವ್ವನ ದನಿ: "ಹಾಡು ಈಗ, ಹಾಡು, ಕೆಂಪು ದೀಪ ಹತ್ತೇದ." ಆಮೇಲೆ ನಮ್ಮ ಆಯಿ, ಬೀಸೋ ಪದ. ಹನ್ನೊಂದು ನಿಮಿಷ. ಮಧ್ಯೆ ಒಂದು ಸಲ ಕೆಮ್ಮುತ್ತಾಳೆ, ಒಂದು ಸಲ ಯಾರಿಗೋ ಬೆಕ್ಕು ಓಡಿಸು ಅನ್ನುತ್ತಾಳೆ. ಪದ ಮುಗಿದ ತಕ್ಷಣ ಮತ್ತೆ ಟಕ್, ಗಿಟಾರ್. ಅಣ್ಣ ಆಗ ಮನೆಯಲ್ಲಿ ಕುಣಿದಾಡಿದ್ದು ನನಗೆ ನೆನಪಿದೆ, ಎರಡು ದಿನ ಊಟ ಬಿಟ್ಟಿದ್ದ.

ಚಾಚಾ ಫೋನ್ ಮಾಡಿ ಕೇಳಿದರು, "ಅಕ್ಕಾರ, ನಡುವ ಒಬ್ಬ ಅಜ್ಜಿ ಬರ್ತಾಳ. ಬ್ಯಾರೆ ಫೈಲ್ ಮಾಡ್ಲ್ಯಾ?" ಬೇಡ, ಇದ್ದ ಹಾಗೇ ಇರಲಿ ಅಂದೆ.

ಅಂಗಡಿ ಹತ್ತೂವರೆಯಿಂದ ಎಂಟರವರೆಗೆ ತೆರೆದಿರುತ್ತದೆ. ಶುಕ್ರವಾರ ಮಧ್ಯಾಹ್ನ ಒಂದರಿಂದ ಮೂರು ಬಂದ್. ಫೋನ್ ಪೇ ಇದೆ, ಆದರೆ ಕ್ಯಾಶ್ ಕೊಟ್ಟರೆ ಖುಷಿ. ಗಾಡಿ ಗಲ್ಲಿಯೊಳಗೆ ಒಯ್ಯಬೇಡಿ.

ಹದಿನಾಲ್ಕನೇ ಕ್ಯಾಸೆಟ್‌ಗೆ ಲೇಬಲ್ ಇರಲಿಲ್ಲ. ಚಾಚಾ ಫೈಲ್‌ಗೆ 'ಗುರ್ತಿಲ್ಲ' ಅಂತ ಹೆಸರಿಟ್ಟಿದ್ದಾರೆ. ಡ್ರಮ್ಸ್ ತಗಡಿನ ಡಬ್ಬಿ ಬಡಿದ ಹಾಗಿದೆ, ಗಿಟಾರ್ ಶ್ರುತಿಯಲ್ಲಿಲ್ಲ, ಇಂಗ್ಲಿಷ್‌ನಲ್ಲಿ ಒಬ್ಬ ಹಾಡುತ್ತಾನೆ, ಅರ್ಧ ಪದ ನುಂಗುತ್ತಾನೆ. ಒಂದು ಹಾಡಿನ ಕೊನೆಯಲ್ಲಿ ಯಾರೋ "ಬಂದ್ ಮಾಡಲೇ, ವಾರ್ಡನ್ ಬಂದ" ಅನ್ನೋದು ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಅಣ್ಣನಿಗೆ ಕಳಿಸಿದೆ. ಬೇರೆ ಯಾವುದಕ್ಕೂ ಉತ್ತರ ಕೊಡದವನು ಇದಕ್ಕೆ ಎರಡು ನಿಮಿಷದಲ್ಲಿ ಫೋನ್ ಮಾಡಿದ.

"ಇದನ್ನ ಮತ್ಯಾರು ಕೇಳ್ಯಾರ?"

"ಚಾಚಾ ಕೇಳ್ಯಾರ" ಅಂದೆ. "ಪೂರ್ತಿ, ಅರವತ್ತು ನಿಮಿಷಾನೂ."